ಶಾರ್ಲೆಟ್ ಬ್ರಾಂಟಿಯ ಚರಿತ್ರೆಯೂ ಆಕೆಯ ಕಥೆಯ ವೇಷಾಂತರಗಳೂ

ಒಂದೇ ಕಥೆಯು ಬೇರೆ ಬೇರೆ ವೇಷಗಳನ್ನು ಧರಿಸಿ ಜನರ ಮುಂದೆ ಬರುವುದು ನಮ್ಮ ಕಾರವಾರ ಅಂಕೋಲೆಗಳ ಕರಾವಳಿಯವರಿಗೆ ಹೊಸ ಸಂಗತಿಯಲ್ಲ. ಭಾರತದಲ್ಲಿ ಓದಿದ ಕರ್ಣನು ಬಯಲಾಟದ ರಂಗಸ್ಥಳಕ್ಕೆ ಬಂದಾಗ ಬೇರೊಬ್ಬನಾಗಿ ಕಾಣುತ್ತಾನೆ. ಭಾಗವತರ ಪದಕ್ಕೆ ಅರ್ಥ ಹೇಳುವವನ ಬುದ್ಧಿಗೆ ತಕ್ಕಂತೆ ಅವನ ಗುಣವೂ ಏರಿಳಿಯುತ್ತದೆ. ಬೆಳಗಾದ ಮೇಲೆ ಹಾರವಾಡದ ದಾರಿಯಲ್ಲಿ ಮನೆಗೆ ನಡೆಯುವ ಹಿರಿಯರು ವೇಷವನ್ನು ಹೊಗಳುವುದರೊಂದಿಗೆ ಮೂಲದಲ್ಲಿ ಹೀಗಿತ್ತೇ ಎಂದು ಕೇಳಿಕೊಳ್ಳುವುದೂ ಉಂಟು. ಈ ಪ್ರಶ್ನೆಯು ಬಹಳ ಒಳ್ಳೆಯದು. ಅದನ್ನು ಕೇಳುವ ಅಭ್ಯಾಸವುಳ್ಳವನು ಕಥೆಯಿಂದ ಮೋಸಹೋಗುವುದಿಲ್ಲ.

ನಮ್ಮ ಮೇಲಿನ ತರಗತಿಗಳ ವಿದ್ಯಾರ್ಥಿನಿಯರಲ್ಲಿ ಹಲವರು ‘ಜೇನ್ ಏರ್’ ಎಂಬ ಆಂಗ್ಲ ಕಾದಂಬರಿಯ ಕಥೆಯನ್ನು ಚಲಚ್ಚಿತ್ರಗಳ ಮೂಲಕವೇ ಬಲ್ಲರು; ಪುಸ್ತಕವನ್ನು ಕೈಯಲ್ಲಿ ಹಿಡಿದವರು ಕೆಲವರೇ. ಆದುದರಿಂದ ಅದನ್ನು ಬರೆದ ಶಾರ್ಲೆಟ್ ಬ್ರಾಂಟಿಯ ಚರಿತ್ರೆಯನ್ನೂ, ಆಕೆಯ ಕಥೆಗೆ ನಾಟಕಶಾಲೆಯಲ್ಲಿಯೂ ಚಿತ್ರಪಟದಲ್ಲಿಯೂ ಏನೇನು ಸಂಭವಿಸಿತೆಂಬುದನ್ನೂ ಈ ಸಂಚಿಕೆಯಲ್ಲಿ ಸಂಕ್ಷೇಪವಾಗಿ ಹೇಳಬೇಕೆಂದು ನಾವು ಬಯಸಿದ್ದೇವೆ. ಆಕೆಯು ಶಾಲೆಯಲ್ಲಿ ದುಃಖಪಟ್ಟ ಬಾಲಿಕೆ. ಶಾಲೆಯಲ್ಲಿ ಪಾಠ ಹೇಳಿದ ಶಿಕ್ಷಕಿ. ಶಾಲೆ ತೆರೆಯಲು ಹೋಗಿ ಒಬ್ಬ ವಿದ್ಯಾರ್ಥಿನಿಯನ್ನೂ ಪಡೆಯದವಳು. ಆದಕಾರಣ ಆಕೆಯ ಕಥೆಯನ್ನು ಹೇಳುವುದಕ್ಕೆ ಶಾಲೆಯ ಸಂಚಿಕೆಗಿಂತ ತಕ್ಕ ಸ್ಥಳವಿಲ್ಲ.

ಶಾರ್ಲೆಟ್ 1816ನೆಯ ಇಸವಿ ಏಪ್ರಿಲ್ 21ರಂದು ಇಂಗ್ಲೆಂಡಿನ ಯಾರ್ಕ್‌ಶಾಯರ್ ಪ್ರಾಂತದ ಥಾರ್ನ್‌ಟನ್ ಎಂಬ ಹಳ್ಳಿಯಲ್ಲಿ ಜನಿಸಿದಳು. ತಂದೆ ಪ್ಯಾಟ್ರಿಕ್ ಬ್ರಾಂಟಿಯವರು ಐರ್ಲೆಂಡಿನ ಬಡ ಕುಟುಂಬವೊಂದರ ಹತ್ತು ಮಕ್ಕಳಲ್ಲಿ ಹಿರಿಯರು. ತಮ್ಮ ಪ್ರಯತ್ನದಿಂದಲೇ ಕೇಂಬ್ರಿಜ್ ವಿಶ್ವವಿದ್ಯಾಲಯವನ್ನು ಸೇರಿ ಸಭಾಪಾಲಕರಾದವರು. 1820ರಲ್ಲಿ ಅವರು ಹಾವರ್ತ್ ಎಂಬ ಗುಡ್ಡದ ಊರಿನ ಸಭೆಗೆ ಬಂದರು. ಆ ಊರಿನ ಹಿಂದೆ ಮರಗಳಿಲ್ಲದ ಬಯಲು. ಕುರುಚಲು ಗಿಡ, ಜೌಗು ನೆಲ, ಎಡೆಬಿಡದೆ ಬೀಸುವ ಗಾಳಿ. ನಮ್ಮ ಕಡಲತೀರದಲ್ಲಿ ಆಷಾಢದ ಗಾಳಿಯು ಹಗಲಿರುಳು ಮಾಡಿನ ಹಂಚನ್ನು ಅಲುಗಿಸುವುದನ್ನು ಕೇಳಿದವರಿಗೆ ಆ ಮನೆಯ ಮಕ್ಕಳು ಎಂಥ ಸದ್ದಿನ ನಡುವೆ ಬೆಳೆದರೆಂಬುದು ತಿಳಿದೀತು. ಮಾರಿಯಾ, ಎಲಿಜಬೆತ್, ಶಾರ್ಲೆಟ್, ಬ್ರಾನ್‌ವೆಲ್, ಎಮಿಲಿ, ಆ್ಯನ್ ಎಂದು ಆರು ಮಂದಿ ಮಕ್ಕಳು. 1821ರಲ್ಲಿ ತಾಯಿಯು ತೀರಿಹೋದಳು. ತಾಯಿಯ ಅಕ್ಕ ಎಲಿಜಬೆತ್ ಬ್ರಾನ್‌ವೆಲ್ ಬಂದು ಮನೆಯ ಆಡಳಿತವನ್ನು ವಹಿಸಿಕೊಂಡಳು.

ಬಡ ಸಭಾಪಾಲಕರ ಹೆಣ್ಣುಮಕ್ಕಳಿಗಾಗಿ ಕೋವನ್ ಬ್ರಿಜ್ ಎಂಬಲ್ಲಿ ಒಂದು ವಸತಿಶಾಲೆಯು ಸ್ಥಾಪಿತವಾಗಿತ್ತು. ವಿಲಿಯಂ ಕಾರಸ್ ವಿಲ್ಸನ್ ಎಂಬ ಸಭಾಪಾಲಕರು ಅದರ ಸಂಸ್ಥಾಪಕರು. ಊಟ, ವಸತಿ, ಪಾಠ ಎಲ್ಲಕ್ಕೂ ಸೇರಿ ವರ್ಷಕ್ಕೆ 14 ಪೌಂಡು ಶುಲ್ಕ. ಉಳಿದುದು ದಾನಿಗಳ ಹಣ. 1824ರಲ್ಲಿ ಬ್ರಾಂಟಿಯವರು ನಾಲ್ವರು ಹೆಣ್ಣುಮಕ್ಕಳನ್ನು ಅಲ್ಲಿಗೆ ಕಳುಹಿಸಿದರು. ಶಾಲೆಯ ಉದ್ದೇಶವು ಒಳ್ಳೆಯದೇ. ಆದರೆ ಊಟವು ಕೆಟ್ಟದ್ದು, ಕೊಠಡಿಗಳು ತಣ್ಣಗಿನವು, ಶಿಸ್ತು ಕಠಿಣ. ಮಳೆಯಲ್ಲಿ ನೆನೆದು ದೇವಾಲಯಕ್ಕೆ ನಡೆದ ಮಕ್ಕಳು ಒದ್ದೆ ಕಾಲುಗಳಲ್ಲೇ ಆರಾಧನೆ ಮುಗಿಯುವ ತನಕ ಕುಳಿತಿರಬೇಕಾಗಿತ್ತು. 1825ರ ವಸಂತದಲ್ಲಿ ಶಾಲೆಯೊಳಗೆ ಜ್ವರವು ಹರಡಿತು. ಹಿರಿಯಕ್ಕ ಮಾರಿಯಾಳಿಗೂ ಎರಡನೆಯವಳಾದ ಎಲಿಜಬೆತಳಿಗೂ ತಗುಲಿದ್ದು ಕ್ಷಯರೋಗ. ಇಬ್ಬರನ್ನೂ ಮನೆಗೆ ಕರೆತಂದರು. ಮಾರಿಯಾ ಮೇ 6ರಂದು, ಎಲಿಜಬೆತ್ ಜೂನ್ 15ರಂದು ತೀರಿಕೊಂಡರು. ಒಬ್ಬಳಿಗೆ ಹನ್ನೊಂದು ವರ್ಷ, ಇನ್ನೊಬ್ಬಳಿಗೆ ಹತ್ತು. ಒಂಬತ್ತು ವರ್ಷದ ಶಾರ್ಲೆಟ್ ಒಮ್ಮೆಲೇ ಮನೆಯ ಹಿರಿಯ ಮಗಳಾದಳು. ಈ ಶೋಕವು ಆಕೆಯ ಮನಸ್ಸಿನಿಂದ ಎಂದೂ ಅಳಿಯಲಿಲ್ಲ.

ಅನಂತರದ ವರ್ಷಗಳಲ್ಲಿ ನಾಲ್ವರು ಮಕ್ಕಳೂ ಮನೆಯಲ್ಲಿಯೇ ಬೆಳೆದರು. 1826ರಲ್ಲಿ ತಂದೆಯು ಮಗನಿಗಾಗಿ ಮರದ ಸಿಪಾಯಿಗಳ ಒಂದು ಪೆಟ್ಟಿಗೆಯನ್ನು ತಂದುಕೊಟ್ಟರು. ಪ್ರತಿಯೊಂದು ಮಗುವೂ ಒಂದೊಂದು ಸಿಪಾಯಿಯನ್ನು ಆರಿಸಿಕೊಂಡು ಅದಕ್ಕೆ ಹೆಸರಿಟ್ಟಿತು. ಆಟವು ಕಥೆಯಾಯಿತು, ಕಥೆಯು ರಾಜ್ಯವಾಯಿತು. ಅಂಗೈಗಿಂತ ಚಿಕ್ಕದಾದ ಪುಸ್ತಕಗಳನ್ನು ಹೊಲಿದು, ಬರಿಗಣ್ಣಿಗೆ ಕಷ್ಟದಿಂದ ಕಾಣುವಂಥ ಅಕ್ಷರಗಳಲ್ಲಿ ಆ ರಾಜ್ಯದ ಇತಿಹಾಸವನ್ನು ಅವರು ಬರೆದರು. ಹೀಗೆ ಆಕೆಯು ಪ್ರಸಿದ್ಧಳಾಗುವುದಕ್ಕೆ ಇಪ್ಪತ್ತು ವರ್ಷಗಳ ಮುಂಚೆಯೇ ಬರೆಯುವ ಕೈಯನ್ನು ಪಳಗಿಸಿಕೊಂಡಿದ್ದಳು.

1831ರಲ್ಲಿ ಶಾರ್ಲೆಟ್ ರೋ ಹೆಡ್ ಎಂಬಲ್ಲಿದ್ದ ಮಾರ್ಗರೆಟ್ ವೂಲರ್ ಎಂಬವರ ಶಾಲೆಯನ್ನು ಸೇರಿದಳು. ಈ ಶಾಲೆಯು ಮೊದಲಿನದರಂತಲ್ಲ, ಚಿಕ್ಕದು, ದಯೆಯುಳ್ಳದ್ದು. ಎಲೆನ್ ನಸ್ಸಿ, ಮೇರಿ ಟೇಲರ್ ಎಂಬ ಇಬ್ಬರು ಗೆಳತಿಯರು ಅಲ್ಲಿ ದೊರೆತರು; ಆ ಸ್ನೇಹವು ಜೀವಮಾನವೆಲ್ಲ ಬಾಳಿತು. 1835ರಿಂದ 1838ರ ವರೆಗೆ ಆಕೆಯು ಅದೇ ಶಾಲೆಯಲ್ಲಿ ಶಿಕ್ಷಕಿಯಾಗಿದ್ದಳು. ದಿನವೆಲ್ಲ ಪಾಠ, ರಾತ್ರಿ ಬಟ್ಟೆ ಹೊಲಿಗೆ. ಮನಸ್ಸಿನೊಳಗೆ ಮಾತ್ರ ಕಥೆಗಳ ಗುಂಪು. ತನ್ನ ಪದ್ಯಗಳನ್ನು ಆಸ್ಥಾನಕವಿ ರಾಬರ್ಟ್ ಸೌದಿಯವರಿಗೆ ಕಳುಹಿಸಿ ಅಭಿಪ್ರಾಯವನ್ನು ಬೇಡಿದಳು. ಸಾಹಿತ್ಯವು ಹೆಣ್ಣಿನ ಜೀವನದ ಉದ್ಯೋಗವಾಗಲಾರದೆಂಬ ತಾತ್ಪರ್ಯದ ಉತ್ತರವು 1837ರಲ್ಲಿ ಬಂತು. ಆಕೆಯು ವಿನಯದಿಂದ ವಂದನೆಯ ಪತ್ರವನ್ನು ಬರೆದಳು. ಆದರೆ ಲೇಖನಿಯನ್ನು ಕೆಳಗಿಡಲಿಲ್ಲ.

ಆ ಕಾಲದಲ್ಲಿ ಓದಿದ ಬಡ ಹೆಣ್ಣಿಗೆ ಎರಡೇ ದಾರಿಗಳು: ಶಾಲೆಯ ಶಿಕ್ಷಕಿಯಾಗುವುದು, ಅಥವಾ ಶ್ರೀಮಂತರ ಮನೆಯಲ್ಲಿದ್ದು ಮಕ್ಕಳಿಗೆ ಪಾಠ ಹೇಳುವ ಗವರ್ನೆಸ್ ಆಗುವುದು. ಶಾರ್ಲೆಟ್ 1839ರಲ್ಲಿಯೂ 1841ರಲ್ಲಿಯೂ ಎರಡು ಮನೆಗಳಲ್ಲಿ ಈ ಕೆಲಸವನ್ನು ಮಾಡಿದಳು. ಎರಡನೆಯ ಮನೆಯಲ್ಲಿ ವರ್ಷದ ಸಂಬಳ 20 ಪೌಂಡು. ಬಟ್ಟೆ ಒಗೆಯುವ ಖರ್ಚು ಕಳೆದರೆ ಕೈಗೆ ಉಳಿಯುತ್ತಿದ್ದುದು ಸುಮಾರು 16. ಗವರ್ನೆಸ್ ಮನೆಯ ಆಳಲ್ಲ, ಮನೆಯವಳೂ ಅಲ್ಲ. ಅಡಿಗೆಮನೆಯಲ್ಲಿ ಅವಳಿಗೆ ಜಾಗವಿಲ್ಲ, ನಡುಮನೆಯಲ್ಲಿ ಮಾತಿಲ್ಲ. ಈ ಅವಮಾನವನ್ನು ಆಕೆಯು ನುಂಗಿಕೊಂಡಳು; ಆದರೆ ಮರೆಯಲಿಲ್ಲ.

ಸ್ವಂತ ಶಾಲೆಯನ್ನು ತೆರೆದರೆ ಅಕ್ಕತಂಗಿಯರು ಒಟ್ಟಿಗಿರಬಹುದೆಂದು ಯೋಚಿಸಿ, ಫ್ರೆಂಚ್ ಭಾಷೆಯನ್ನು ಚೆನ್ನಾಗಿ ಕಲಿಯುವುದಕ್ಕಾಗಿ 1842ರಲ್ಲಿ ಎಮಿಲಿಯೊಡನೆ ಬೆಲ್ಜಿಯಮ್ ದೇಶದ ಬ್ರಸೆಲ್ಸ್ ನಗರಕ್ಕೆ ಹೋದಳು. ಅಲ್ಲಿಯ ಶಾಲೆಯ ಕಾನ್‌ಸ್ಟಾಂಟಿನ್ ಹೆಗೆ ಎಂಬ ಉಪಾಧ್ಯಾಯರು ಆಕೆಯ ಬರವಣಿಗೆಯನ್ನು ಕಟ್ಟುನಿಟ್ಟಾಗಿ ತಿದ್ದಿದರು; ಆ ಋಣವು ಆಕೆಯ ಪುಸ್ತಕಗಳಲ್ಲೆಲ್ಲ ಕಾಣುತ್ತದೆ. 1844ರಲ್ಲಿ ಊರಿಗೆ ಹಿಂದಿರುಗಿ ತಂದೆಯ ಮನೆಯಲ್ಲಿಯೇ ಶಾಲೆಯನ್ನು ತೆರೆಯುವುದಾಗಿ ಪ್ರಕಟಣಪತ್ರವನ್ನು ಅಚ್ಚು ಹಾಕಿಸಿದಳು. ಪರಿಚಿತರೆಲ್ಲರಿಗೂ ಕಳುಹಿಸಿದಳು. ಒಬ್ಬ ವಿದ್ಯಾರ್ಥಿನಿಯೂ ಬರಲಿಲ್ಲ. ಶಾಲೆ ನಡೆಸುವವರಾದ ನಮಗೆ ಈ ಸಂಗತಿಯು ಮನಸ್ಸಿಗೆ ತಾಗುವಂಥದು. ಆ ಶಾಲೆಗೆ ನಾಲ್ಕು ಮಂದಿ ಮಕ್ಕಳು ಬಂದಿದ್ದರೆ ಲೋಕಕ್ಕೆ ಒಬ್ಬ ಒಳ್ಳೆಯ ಅಕ್ಕೋರು ದೊರೆಯುತ್ತಿದ್ದಳು. ‘ಜೇನ್ ಏರ್’ ದೊರೆಯುತ್ತಿತ್ತೋ ಇಲ್ಲವೋ.

1846ರಲ್ಲಿ ಮೂವರು ಸೋದರಿಯರೂ ತಮ್ಮ ಹಣದಿಂದಲೇ ಒಂದು ಪದ್ಯಸಂಗ್ರಹವನ್ನು ಪ್ರಕಟಿಸಿದರು. ಹೆಣ್ಣುಮಕ್ಕಳು ಬರೆದದ್ದೆಂದರೆ ವಿಮರ್ಶಕರು ಹಗುರಾಗಿ ಕಾಣುವರೆಂದು ಕರರ್, ಎಲಿಸ್, ಆ್ಯಕ್ಟನ್ ಬೆಲ್ ಎಂಬ ಗುಪ್ತನಾಮಗಳನ್ನು ಇಟ್ಟುಕೊಂಡರು. ಮೊದಲ ವರ್ಷದಲ್ಲಿ ಮಾರಾಟವಾದವು ಎರಡೇ ಪ್ರತಿಗಳು. ಆಮೇಲೆ ಶಾರ್ಲೆಟ್ ಬರೆದ ‘ದಿ ಪ್ರೊಫೆಸರ್’ ಎಂಬ ಕಾದಂಬರಿಯನ್ನು ಪ್ರಕಾಶಕರು ಒಬ್ಬರ ಮೇಲೊಬ್ಬರಂತೆ ಹಿಂದಕ್ಕೆ ಕಳುಹಿಸಿದರು.

ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ತಂದೆಯ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗಾಗಿ ಆಕೆಯು ಅವರನ್ನು ಮ್ಯಾಂಚೆಸ್ಟರಿಗೆ ಕರೆದೊಯ್ದಳು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ತಂದೆಯು ಕತ್ತಲೆಯ ಕೋಣೆಯಲ್ಲಿ ಮಲಗಿದ್ದಾಗ, ಮಗಳು ಬಾಡಿಗೆಯ ಮನೆಯಲ್ಲಿ ಹೊಸ ಕಥೆಯೊಂದನ್ನು ಪ್ರಾರಂಭಿಸಿದಳು. ಕಥೆಯ ನಾಯಿಕೆಯು ಸುಂದರಿಯಾಗಿರಲೇಬೇಕೆಂಬ ಸಂಪ್ರದಾಯವನ್ನು ಆಕೆಯು ಒಪ್ಪಲಿಲ್ಲ. ತನ್ನಂತೆಯೇ ಗಿಡ್ಡಳೂ ಸಾಧಾರಣ ರೂಪದವಳೂ ಆದ ಹೆಣ್ಣೊಬ್ಬಳು ಓದುಗರ ಪ್ರೀತಿಯನ್ನು ಗಳಿಸಬಲ್ಲಳೆಂದು ತಂಗಿಯರಿಗೆ ತೋರಿಸಿಕೊಡುವುದಾಗಿ ಹೇಳಿದ್ದಳಂತೆ. 1847ರ ಅಕ್ಟೋಬರಿನಲ್ಲಿ ಸ್ಮಿತ್ ಎಲ್ಡರ್ ಕಂಪನಿಯವರು ಆ ಕಥೆಯನ್ನು ಮೂರು ಸಂಪುಟಗಳಲ್ಲಿ ಪ್ರಕಟಿಸಿದರು. ಅದೇ ‘ಜೇನ್ ಏರ್’.

ಓದದವರಿಗಾಗಿ ಕಥೆಯ ಸಾರವನ್ನು ಹೇಳುತ್ತೇವೆ. ತಂದೆತಾಯಿಗಳಿಲ್ಲದ ಜೇನ್ ಅತ್ತೆಯ ಮನೆಯಲ್ಲಿ ಹಿಂಸೆಯನ್ನು ಅನುಭವಿಸಿ ಲೋವುಡ್ ಎಂಬ ಧರ್ಮಾರ್ಥ ಶಾಲೆಯನ್ನು ಸೇರುತ್ತಾಳೆ. ಸೀದ ಗಂಜಿ, ಚಳಿ, ಎಲ್ಲರೆದುರು ಸ್ಟೂಲಿನ ಮೇಲೆ ನಿಲ್ಲಿಸುವ ಶಿಕ್ಷೆ, ಜ್ವರ ಇವೆಲ್ಲ ಅಲ್ಲಿವೆ. ಹೆಲೆನ್ ಬರ್ನ್ಸ್ ಎಂಬ ತಾಳ್ಮೆಯ ಗೆಳತಿಯು ಅಲ್ಲಿಯೇ ಕ್ಷಯದಿಂದ ಸಾಯುತ್ತಾಳೆ. ಈ ಹೆಲೆನಳೇ ಅಕ್ಕ ಮಾರಿಯಾ ಎಂದು ತಿಳಿಯಬೇಕು. ಎಂಟು ವರ್ಷ ಅಲ್ಲಿದ್ದು, ಕಡೆಯ ಎರಡು ವರ್ಷ ಶಿಕ್ಷಕಿಯೂ ಆಗಿ, ಜೇನ್ ಪತ್ರಿಕೆಯಲ್ಲಿ ತಾನೇ ಪ್ರಕಟಣೆ ಕೊಟ್ಟು ಥಾರ್ನ್‌ಫೀಲ್ಡ್ ಎಂಬ ದೊಡ್ಡ ಮನೆಯಲ್ಲಿ ಕೆಲಸವನ್ನು ಪಡೆಯುತ್ತಾಳೆ. ಮನೆಯ ಒಡೆಯ ರೋಚೆಸ್ಟರ್ ಅವಳನ್ನು ಪ್ರೀತಿಸುತ್ತಾನೆ. ಆದರೆ ರಾತ್ರಿಯ ಹೊತ್ತು ಅಟ್ಟದಿಂದ ಒಂದು ನಗೆ ಕೇಳಿಬರುತ್ತದೆ. ಒಡೆಯನ ಹಾಸಿಗೆಗೆ ಬೆಂಕಿ ಬೀಳುತ್ತದೆ. ಮದುವೆಯ ದಿನ ದೇವಾಲಯದಲ್ಲಿಯೇ ಗುಟ್ಟು ಬಯಲಾಗುತ್ತದೆ: ಆತನಿಗೆ ಮದುವೆಯಾಗಿದೆ; ಜಮೈಕಾ ದ್ವೀಪದ ಬರ್ಥಾ ಮೇಸನ್ ಎಂಬ ಬುದ್ಧಿಭ್ರಮಣೆಯಾದ ಹೆಂಡತಿಯು ಅಟ್ಟದಲ್ಲಿ ಬಂಧಿತಳಾಗಿದ್ದಾಳೆ. ಜೇನ್ ಮನೆಯನ್ನು ಬಿಟ್ಟು ಹೋಗುತ್ತಾಳೆ. ಹಸಿವಿನಿಂದ ಬಯಲಿನಲ್ಲಿ ಅಲೆದು, ಹಂದಿಗಾಗಿ ಇಟ್ಟ ಗಂಜಿಯನ್ನು ಬೇಡಿ ಉಣ್ಣುತ್ತಾಳೆ. ರಿವರ್ಸ್ ಎಂಬ ಕುಟುಂಬದವರು ಆಶ್ರಯವಿತ್ತು, ಹಳ್ಳಿಯ ಶಾಲೆಯ ಶಿಕ್ಷಕಿಯ ಕೆಲಸವನ್ನು ಕೊಡಿಸುತ್ತಾರೆ. ಅವರು ತನ್ನ ದಾಯಾದಿಗಳೆಂದು ಆಮೇಲೆ ತಿಳಿಯುತ್ತದೆ. ಚಿಕ್ಕಪ್ಪನಿಂದ ಬಂದ 20,000 ಪೌಂಡು ಆಸ್ತಿಯನ್ನು ಆಕೆಯು ನಾಲ್ಕು ಪಾಲು ಮಾಡಿ ಅವರೊಡನೆ ಹಂಚಿಕೊಳ್ಳುತ್ತಾಳೆ. ಕಡೆಗೆ ಥಾರ್ನ್‌ಫೀಲ್ಡ್ ಸುಟ್ಟು, ಬರ್ಥಾ ಮಾಳಿಗೆಯಿಂದ ಹಾರಿ ಸತ್ತು, ರೋಚೆಸ್ಟರ್ ಕುರುಡನಾಗಿ ಒಂದು ಕೈಯನ್ನೂ ಕಳೆದುಕೊಂಡಿದ್ದಾಗ, ಜೇನ್ ಸ್ವತಂತ್ರಳಾಗಿ ಅವನ ಬಳಿಗೆ ಹಿಂದಿರುಗುತ್ತಾಳೆ.

ಹಳೆಯ ಮಹಲು, ಮುಚ್ಚಿದ ಬಾಗಿಲು, ರಾತ್ರಿಯ ಕೂಗು, ಒಳಗಡಗಿದ ಪಾಪ, ಇವುಗಳಿಂದ ಭಯವನ್ನು ಹುಟ್ಟಿಸುವ ಕಥೆಗಳಿಗೆ ಆಂಗ್ಲರು ಗೋಥಿಕ್ ಎಂದು ಹೆಸರಿಟ್ಟಿದ್ದಾರೆ. 1764ರಲ್ಲಿ ಹೊರೇಸ್ ವಾಲ್ಪೋಲ್ ಬರೆದ ಕಾದಂಬರಿಯಿಂದ ಈ ಜಾತಿಯು ಪ್ರಾರಂಭವಾಯಿತೆನ್ನುವರು. ಶಾರ್ಲೆಟ್ ಮಾಡಿದ ಹೊಸ ಕೆಲಸವೇನೆಂದರೆ, ಆ ಮಹಲಿನೊಳಕ್ಕೆ ರಾಜಕುಮಾರಿಯ ಬದಲಾಗಿ ಸಂಬಳಕ್ಕೆ ದುಡಿಯುವ ಶಿಕ್ಷಕಿಯನ್ನು ಕಳುಹಿಸಿದ್ದು. ಭೂತವೆಂದು ಭಾವಿಸಿದ್ದು ಭೂತವಲ್ಲ, ಒಬ್ಬ ಹೆಣ್ಣು. ಭಯದ ಮೂಲವು ಗೋರಿಯಲ್ಲಿಲ್ಲ, ಕಾನೂನಿನಲ್ಲಿಯೂ ಒಡೆತನದಲ್ಲಿಯೂ ಇದೆ.

ಪುಸ್ತಕವು ಕೂಡಲೇ ಜನಪ್ರಿಯವಾಯಿತು. ಬರೆದವನು ಗಂಡಸೋ ಹೆಂಗಸೋ ಎಂದು ಲಂಡನ್ನಿನಲ್ಲಿ ಚರ್ಚೆ ನಡೆಯಿತು. ಮೂವರು ಬೆಲ್ಲರೂ ಒಬ್ಬನೇ ಎಂಬ ಗಾಳಿಸುದ್ದಿಯನ್ನು ನಿವಾರಿಸುವುದಕ್ಕಾಗಿ 1848ರ ಜುಲೈ ತಿಂಗಳಲ್ಲಿ ಶಾರ್ಲೆಟ್ ಮತ್ತು ಆ್ಯನ್ ಬಿರುಗಾಳಿಯಲ್ಲಿ ರೈಲಿನ ತನಕ ನಡೆದುಹೋಗಿ, ಲಂಡನ್ನಿನ ಪ್ರಕಾಶಕರ ಮುಂದೆ ಹಠಾತ್ತಾಗಿ ನಿಂತರು. ಹಳ್ಳಿಯ ಉಡುಪಿನ ಇಬ್ಬರು ಚಿಕ್ಕ ಹೆಂಗಸರನ್ನು ಕಂಡು ಪ್ರಕಾಶಕರು ಬೆರಗಾದರು.

ಅಷ್ಟರಲ್ಲಿಯೇ ಕಥೆಯು ವೇಷ ಕಟ್ಟಿತ್ತು. ಪುಸ್ತಕವು ಹೊರಬಂದು ನಾಲ್ಕು ತಿಂಗಳೂ ತುಂಬದ 1848ರ ಜನವರಿಯಲ್ಲಿ ಜಾನ್ ಕೋರ್ಟ್ನಿ ಎಂಬ ನಾಟಕಕಾರನು ಅದನ್ನು ನಾಟಕ ಮಾಡಿ ಲಂಡನ್ನಿನ ವಿಕ್ಟೋರಿಯಾ ನಾಟಕಶಾಲೆಯಲ್ಲಿ ಆಡಿಸಿದನು. ಇಂದು ಓಲ್ಡ್ ವಿಕ್ ಎಂದು ಕರೆಯುವುದು ಅದೇ ನಾಟಕಶಾಲೆ. ದುಡಿಯುವ ಜನರು ತುಂಬುತ್ತಿದ್ದ ಆ ರಂಗದಲ್ಲಿ ಜನರನ್ನು ನಗಿಸುವ ಆಳುಕಾಳುಗಳ ಪಾತ್ರಗಳನ್ನೂ ಸೇರಿಸಿದ್ದರು. ನಮ್ಮ ಜಾತ್ರೆಯ ನಾಟಕಗಳಲ್ಲಿ ಹಾಸ್ಯಗಾರನಿಲ್ಲದೆ ಆಟ ಸಾಗುವುದಿಲ್ಲವಷ್ಟೆ. ಈ ಸಂಗತಿಯನ್ನು ಕೇಳಿದ ಶಾರ್ಲೆಟ್ ಕಳವಳಗೊಂಡಳು. ನಟರು ಎಲ್ಲವನ್ನೂ ಅತಿಮಾಡಿ ತನ್ನ ಪಾತ್ರಗಳನ್ನು ಕೀಳುಗೈಯುವರೆಂಬ ಭಯವು ಆಕೆಗೆ. ಆಟವನ್ನು ಆಕೆಯು ನೋಡಲಿಲ್ಲ.

1853ರಲ್ಲಿ ಜರ್ಮನಿಯ ಶಾರ್ಲೊಟ್ ಬಿರ್ಕ್-ಫೈಫರ್ ಎಂಬ ನಟಿಯೂ ನಾಟಕಕರ್ತೃವೂ ಆದಾಕೆಯು ‘ಲೋವುಡ್ಡಿನ ಅನಾಥೆ’ ಎಂಬ ಅರ್ಥದ ಹೆಸರಿನಿಂದ ಇದೇ ಕಥೆಯನ್ನು ರಂಗಕ್ಕೆ ತಂದಳು. ಯೂರೋಪ್ ಅಮೇರಿಕಗಳಲ್ಲಿ ಅದು ಬಹುಕಾಲ ನಡೆಯಿತು. ಆದರೆ ಅದರಲ್ಲಿ ಅಟ್ಟದ ಹೆಂಗಸು ರೋಚೆಸ್ಟರನ ಹೆಂಡತಿಯಲ್ಲ, ಅವನ ಅಣ್ಣನ ಹೆಂಡತಿ! ಹೀಗೆ ಮಾಡಿದ ಕೂಡಲೇ ನಾಯಕನ ಮೇಲಿನ ಕಳಂಕವು ತೊಳೆದುಹೋಗುತ್ತದೆ. ಅದರೊಂದಿಗೆ ಜೇನಳು ಮನೆ ಬಿಟ್ಟು ಹೊರಡುವ ಕಾರಣವೂ ತೊಳೆದುಹೋಗುತ್ತದೆ. ಕಥೆಯ ಬೆನ್ನೆಲುಬನ್ನು ತೆಗೆದು ಮೈಯನ್ನು ನಿಲ್ಲಿಸಿದಂತಾಯಿತು.

ಶಾರ್ಲೆಟಳ ಕೀರ್ತಿಯು ಏರುತ್ತಿರಲು ಮನೆಯು ಬರಿದಾಗುತ್ತ ಹೋಯಿತು. ಕುಡಿತದಿಂದ ಕೆಟ್ಟಿದ್ದ ತಮ್ಮ ಬ್ರಾನ್‌ವೆಲ್ 1848ರ ಸೆಪ್ಟೆಂಬರಿನಲ್ಲಿ ತೀರಿಹೋದನು. ‘ವದರಿಂಗ್ ಹೈಟ್ಸ್’ ಬರೆದ ಎಮಿಲಿ ಅದೇ ಡಿಸೆಂಬರಿನಲ್ಲಿ, ಆ್ಯನ್ 1849ರ ಮೇ ತಿಂಗಳಲ್ಲಿ, ಇಬ್ಬರೂ ಕ್ಷಯದಿಂದಲೇ ತೀರಿಕೊಂಡರು. ಎಂಟು ತಿಂಗಳೊಳಗೆ ಮೂವರು. ಮೂವರೂ ಸೇರಿ ರಾತ್ರಿ ಊಟದ ಮೇಜನ್ನು ಸುತ್ತುತ್ತ ಕಥೆಗಳನ್ನು ಚರ್ಚಿಸುತ್ತಿದ್ದ ಕೋಣೆಯಲ್ಲಿ ಈಗ ಆಕೆಯೊಬ್ಬಳೇ ಸುತ್ತುತ್ತಿದ್ದಳು. ಆ ಸ್ಥಿತಿಯಲ್ಲಿಯೇ ‘ಶರ್ಲಿ’ಯನ್ನು 1849ರಲ್ಲಿಯೂ ‘ವಿಲೆಟ್’ ಎಂಬುದನ್ನು 1853ರಲ್ಲಿಯೂ ಪ್ರಕಟಿಸಿದಳು. 1854ರ ಜೂನ್ 29ರಂದು ತಂದೆಯ ಸಹಾಯಕ ಸಭಾಪಾಲಕರಾದ ಆರ್ಥರ್ ಬೆಲ್ ನಿಕೋಲ್ಸರನ್ನು ಮದುವೆಯಾದಳು. ತಂದೆಯು ಕಡೆಯ ಗಳಿಗೆಯಲ್ಲಿ ದೇವಾಲಯಕ್ಕೆ ಬರಲೊಪ್ಪದಿರಲು, ಆಕೆಯ ಹಳೆಯ ಮುಖ್ಯಾಧ್ಯಾಪಿನಿ ವೂಲರ್ ಅವರೇ ಮದುಮಗಳನ್ನು ಧಾರೆಯೆರೆದು ಕೊಟ್ಟಂತೆ ಒಪ್ಪಿಸಿಕೊಟ್ಟರು. ಗರ್ಭಿಣಿಯಾಗಿದ್ದಾಗ ರೋಗಪೀಡಿತಳಾಗಿ 1855ರ ಮಾರ್ಚ್ 31ರಂದು ಶಾರ್ಲೆಟ್ ದೈವಾಧೀನಳಾದಳು. ಆಗ ಆಕೆಗೆ 38 ವರ್ಷ. ಆರು ಮಕ್ಕಳನ್ನೂ ಕಳೆದುಕೊಂಡ ತಂದೆಯು 1861ರ ವರೆಗೆ ಬದುಕಿದ್ದರು. ಸ್ನೇಹಿತೆಯಾದ ಎಲಿಜಬೆತ್ ಗ್ಯಾಸ್ಕೆಲ್ 1857ರಲ್ಲಿ ಆಕೆಯ ಜೀವನಚರಿತ್ರೆಯನ್ನು ಪ್ರಕಟಿಸಿದಳು.

ಲೇಖಕಿಯು ಸತ್ತರೂ ವೇಷಗಳು ನಿಲ್ಲಲಿಲ್ಲ. ಮೂಕಚಿತ್ರಗಳ ಕಾಲದಲ್ಲಿ, 1910ರಲ್ಲಿಯೇ, ಅಮೇರಿಕದ ಥಾನ್‌ಹೌಸರ್ ಕಂಪನಿಯು ಮೂರು ಸಂಪುಟಗಳ ಕಥೆಯನ್ನು ಒಂದೇ ಸುರುಳಿಯಲ್ಲಿ ಮುಗಿಸಿತು. 1934ರಲ್ಲಿ ಮಾತನಾಡುವ ಚಿತ್ರವು ಬಂತು. ಅದರಲ್ಲಿ ವರ್ಜಿನಿಯಾ ಬ್ರೂಸ್ ಎಂಬ ಸುಂದರಿಯು ಜೇನ್. 1931ರಲ್ಲಿ ಫ್ರಾಂಕೆನ್‌ಸ್ಟೈನ್ ವೈದ್ಯನ ಪಾತ್ರದಿಂದ ಹೆಸರಾಗಿದ್ದ ಕಾಲಿನ್ ಕ್ಲೈವ್ ರೋಚೆಸ್ಟರ್. ಸುಮಾರು ಒಂದು ಗಂಟೆಯ ಆ ಚಿತ್ರದಲ್ಲಿ ಬಡತನವಾಗಲಿ ಕೋಪವಾಗಲಿ ಉಳಿಯಲಿಲ್ಲ.

1944ರಲ್ಲಿ ಅಮೇರಿಕದಲ್ಲಿ ತೆರೆಕಂಡ ಚಿತ್ರವೇ ಹೆಚ್ಚು ಹೆಸರಾದದ್ದು. ರಾಬರ್ಟ್ ಸ್ಟೀವನ್‌ಸನ್ ನಿರ್ದೇಶಕರು. ಜೋನ್ ಫಾಂಟೇನ್ ಮತ್ತು ಆರ್ಸನ್ ವೆಲ್ಸ್ ಮುಖ್ಯ ಪಾತ್ರಧಾರಿಗಳು. ಚಿತ್ರಕಥೆ ಬರೆದವರಲ್ಲಿ ಪ್ರಸಿದ್ಧ ಲೇಖಕ ಆಲ್ಡಸ್ ಹಕ್ಸ್‌ಲಿಯೂ ಒಬ್ಬರು. ಹೆಲೆನಳ ಪಾತ್ರವನ್ನು ಬಾಲಿಕೆಯಾಗಿದ್ದ ಎಲಿಜಬೆತ್ ಟೇಲರ್ ಅಭಿನಯಿಸಿದಳು. ಕಪ್ಪುಬಿಳುಪಿನ ನೆರಳು, ಮಂಜು, ಗಾಳಿ ಇವುಗಳಿಂದ ಗೋಥಿಕ್ ಭಯವನ್ನು ಈ ಚಿತ್ರವು ಬಹು ಚೆನ್ನಾಗಿ ಕಟ್ಟಿದೆ. ಹುಚ್ಚಿಯ ಮುಖವನ್ನು ತೋರಿಸದೆಯೇ ಹೆದರಿಸಿದ್ದು ಜಾಣತನ. ಶಾಲೆಯ ಭಾಗವೂ ಕರುಣಾಜನಕವಾಗಿದೆ. ಆದರೆ ರಿವರ್ಸ್ ಮನೆಯ ಭಾಗವನ್ನು ಪೂರ್ತಿಯಾಗಿ ಕತ್ತರಿಸಿ, ಆ ಹೆಸರನ್ನು ಶಾಲೆಯ ದಯಾಳುವಾದ ಒಬ್ಬ ವೈದ್ಯನಿಗೆ ಅಂಟಿಸಿದ್ದಾರೆ. ಪುಸ್ತಕದ ಪುಟವೆಂದು ತೆರೆಯ ಮೇಲೆ ತೋರಿಸುವ ವಾಕ್ಯಗಳು ಪುಸ್ತಕದಲ್ಲಿಲ್ಲ ಎಂಬುದನ್ನೂ ನಮ್ಮ ವಿದ್ಯಾರ್ಥಿನಿಯರು ಗಮನಿಸಬೇಕು.

ನಮ್ಮ ದೇಶದಲ್ಲಿಯೂ ಈ ಕಥೆಯು ಸಂಚರಿಸಿತು. 1952ರಲ್ಲಿ ಆರ್. ಸಿ. ತಲ್ವಾರರು ದಿಲೀಪ್ ಕುಮಾರ್ ಮತ್ತು ಮಧುಬಾಲಾ ಅವರಿಂದ ‘ಸಂಗ್‌ದಿಲ್’ ಎಂಬ ಹಿಂದೀ ಚಿತ್ರವನ್ನು ಮಾಡಿಸಿದರು. ಅದರಲ್ಲಿ ನಾಯಕ ನಾಯಿಕೆಯರು ಬಾಲ್ಯದ ಜೊತೆಗಾರರು; ಅಗಲಿದ ಹುಡುಗಿಯು ಶಾಲೆಯಲ್ಲಿ ಬೆಳೆಯದೆ ಪೂಜಾರಿಣಿಯರ ನಡುವೆ ಬೆಳೆಯುತ್ತಾಳೆ. ಕನ್ನಡದಲ್ಲಿ 1968ರಲ್ಲಿ ಕಲ್ಯಾಣ್ ಕುಮಾರ್ ಮತ್ತು ಚಂದ್ರಕಲಾ ಅಭಿನಯಿಸಿದ ‘ಬೇಡಿ ಬಂದವಳು’ ತೆರೆಗೆ ಬಂತು. ಆರ್. ಸುದರ್ಶನಂ ಅವರ ಸಂಗೀತ. ಸಪ್ತಸ್ವರಗಳನ್ನು ಕುರಿತು ಪಿ. ಸುಶೀಲ ಹಾಡಿದ ಗೀತೆಯು ಇಂದಿಗೂ ಜನರ ಬಾಯಲ್ಲಿದೆ. ಮರುವರ್ಷವೇ ತಮಿಳಿನಲ್ಲಿ ‘ಶಾಂತಿ ನಿಲಯಂ’ ಬಂತು. ಪಾಠ ಹೇಳಲು ಬಂದ ಹೆಣ್ಣು, ಒಳಗೆ ಗುಟ್ಟನ್ನು ಅಡಗಿಸಿಕೊಂಡ ಮನೆ ಎಂಬ ತಿರುಳು ಉಳಿದರೆ ಸಾಕು, ಕಥೆಯು ಯಾವ ಭಾಷೆಯಲ್ಲಿಯೂ ನಡೆಯುತ್ತದೆಂಬುದು ಇದರಿಂದ ಸಿದ್ಧವಾಯಿತು. ಮೂಲದಲ್ಲಿ ಜೇನ್ ಬೇಡಿದ್ದು ಬಯಲಿನ ಹಸಿವೆಯಲ್ಲಿ ಮಾತ್ರ. ಪ್ರೀತಿಯನ್ನಾಗಲಿ ಆಶ್ರಯವನ್ನಾಗಲಿ ಥಾರ್ನ್‌ಫೀಲ್ಡಿನ ಒಡೆಯನಿಂದ ಬೇಡಲಿಲ್ಲ. ಕನ್ನಡದ ಹೆಸರನ್ನು ಓದುವಾಗ ಈ ಭೇದವನ್ನು ನೆನಪಿನಲ್ಲಿಡಬೇಕು.

ಇಲ್ಲಿ ಕಾನೂನಿನ ಒಂದು ಸಂಗತಿಯನ್ನೂ ವಿಚಾರಿಸಬೇಕಾಗಿದೆ. ಬುದ್ಧಿಭ್ರಮಣೆಯಾದ ಹೆಂಡತಿಯನ್ನು ಬಿಡಲು ಇಂಗ್ಲೆಂಡಿನ ಕಾನೂನು 1937ರ ವರೆಗೆ ಅವಕಾಶ ಕೊಡಲಿಲ್ಲ. ಒಬ್ಬಳಿರುವಾಗ ಇನ್ನೊಬ್ಬಳನ್ನು ಮದುವೆಯಾಗುವುದು ಅಪರಾಧ. ಕಥೆಯ ಗಂಟು ಇರುವುದು ಇಲ್ಲಿಯೇ. ನಮ್ಮಲ್ಲಿ ಹಿಂದೂ ಪುರುಷನು ಎರಡನೆಯ ಹೆಂಡತಿಯನ್ನು ತರುವುದಕ್ಕೆ ಹಿಂದೆ ಅಡ್ಡಿಯಿರಲಿಲ್ಲ. ಅಂಥ ದೇಶದಲ್ಲಿ ರೋಚೆಸ್ಟರನು ಗುಟ್ಟನ್ನು ಮುಚ್ಚುವ ಅಗತ್ಯವೇ ಇಲ್ಲ. ಅಟ್ಟದ ಬಾಗಿಲಿಗೆ ಬೀಗವೂ ಬೇಕಾಗಿಲ್ಲ. ಕಾರವಾರ ಅಂಕೋಲೆಗಳು ಮುಂಬಯಿ ಪ್ರಾಂತದಲ್ಲಿದ್ದಾಗ 1946ರಲ್ಲಿ ಆ ಪ್ರಾಂತವು ಹಿಂದೂ ದ್ವಿಪತ್ನಿತ್ವವನ್ನು ನಿಷೇಧಿಸಿತು. 1955ರ ಹಿಂದೂ ವಿವಾಹ ಕಾನೂನಿನಿಂದ ನಿಷೇಧವು ದೇಶಕ್ಕೆಲ್ಲ ವ್ಯಾಪಿಸಿತು. ಆದಕಾರಣ 1968ರ ಹೊತ್ತಿಗೆ ಕನ್ನಡದ ಪ್ರೇಕ್ಷಕಳು ಜೇನಳ ಸಂಕಟವನ್ನು ತನ್ನ ದೇಶದ ಸಂಕಟವೆಂದೇ ತಿಳಿಯಬಲ್ಲವಳಾಗಿದ್ದಳು.

ಇತ್ತೀಚಿನ ರೂಪಾಂತರಗಳು ಮೂಲಕ್ಕೆ ಹೆಚ್ಚು ಹತ್ತಿರವಾಗಿವೆ. 1983ರಲ್ಲಿ ಬಿ.ಬಿ.ಸಿ.ಯವರು ಹನ್ನೊಂದು ಕಂತುಗಳ ದೂರದರ್ಶನ ಧಾರಾವಾಹಿಯನ್ನು ಮಾಡಿದರು. ಸಮಯವು ವಿಪುಲವಾಗಿದ್ದುದರಿಂದ ಪುಸ್ತಕದ ಬಹುಭಾಗವು ಅದರಲ್ಲಿ ನಿಂತಿತು. 2011ರಲ್ಲಿ ಕೇರಿ ಫುಕುನಾಗಾ ನಿರ್ದೇಶಿಸಿದ ಚಿತ್ರವು ಜೇನ್ ಮನೆ ಬಿಟ್ಟು ಬಯಲಿಗೆ ಓಡುವಲ್ಲಿಂದಲೇ ಪ್ರಾರಂಭವಾಗುತ್ತದೆ. ಹಿಂದಿನವರು ಕತ್ತರಿಸಿ ಎಸೆದಿದ್ದ ಭಾಗವೇ ಅದರಲ್ಲಿ ಕಥೆಯ ಬಾಗಿಲಾಗಿದೆ.

ಆ ಭಾಗದಲ್ಲಿ ನಮಗೆ ಸಂಬಂಧಪಟ್ಟ ಸಂಗತಿಯೊಂದಿದೆ. ಸೇಂಟ್ ಜಾನ್ ರಿವರ್ಸ್ ಎಂಬ ಸಭಾಪಾಲಕನು ಹಿಂದೂದೇಶಕ್ಕೆ ಮಿಶನರಿಯಾಗಿ ಹೊರಡಲು ಸಿದ್ಧನಾಗಿ, ಜೇನಳಿಗೆ ಹಿಂದೂಸ್ತಾನೀ ಭಾಷೆಯನ್ನು ಕಲಿಸುತ್ತಾನೆ; ತನ್ನ ಹೆಂಡತಿಯಾಗಿ ಬರಬೇಕೆಂದು ಒತ್ತಾಯಿಸುತ್ತಾನೆ. ಸಹೋದ್ಯೋಗಿಯಾಗಿ ಬರುವೆನು, ಪ್ರೀತಿಯಿಲ್ಲದ ಮದುವೆಗೆ ಒಪ್ಪೆನೆಂಬುದು ಆಕೆಯ ನಿಲುವು. ಈ ಪಾತ್ರದ ಹಿಂದೆ ಬೈಬಲಿನ ಹೊಸ ಒಡಂಬಡಿಕೆಯನ್ನು ಹಿಂದೂಸ್ತಾನಿಗೆ ಭಾಷಾಂತರಿಸಿದ ಹೆನ್ರಿ ಮಾರ್ಟಿನ್ ಅವರ ನೆನಪಿದೆಯೆಂದು ಕೆಲವು ವಿದ್ವಾಂಸರು ಹೇಳುತ್ತಾರೆ. ಕೇಂಬ್ರಿಜ್ಜಿನಲ್ಲಿ ಶಾರ್ಲೆಟಳ ತಂದೆಗೆ ಸಹಾಯ ಮಾಡಿದವರು ಅವರು. ಮಿಶನ್ ಶಾಲೆಯಲ್ಲಿ ಓದಿದ ನಾವು ಆ ಅಧ್ಯಾಯಗಳನ್ನು ಎಚ್ಚರದಿಂದ ಓದುತ್ತೇವೆ. ಒಳ್ಳೆಯ ಕೆಲಸಕ್ಕಾಗಿಯಾದರೂ ಇನ್ನೊಬ್ಬರ ಮನಸ್ಸನ್ನು ಬಲಾತ್ಕರಿಸಬಾರದೆಂದು ಸಭಾಪಾಲಕರ ಮಗಳೇ ಅಲ್ಲಿ ತೋರಿಸಿದ್ದಾಳೆ. ಲೋವುಡ್ಡಿನ ಬ್ರಾಕಲ್‌ಹರ್ಸ್ಟ್ ಮಕ್ಕಳ ಹೊಟ್ಟೆಯನ್ನು ಹಸಿಯಿಸಿದನು. ರಿವರ್ಸ್ ಒಬ್ಬಳ ಹೃದಯವನ್ನು ಹಸಿಯಿಸಲು ಹೊರಟನು. ಇಬ್ಬರನ್ನೂ ಆಕೆಯು ಕ್ಷಮಿಸಲಿಲ್ಲ, ಆದರೆ ಇಬ್ಬರನ್ನೂ ಒಂದೇ ಎಂದೂ ಎಣಿಸಲಿಲ್ಲ. ರಿವರ್ಸನ ತ್ಯಾಗಬುದ್ಧಿಗೆ ಕಥೆಯ ಕಡೆಯ ಸಾಲುಗಳಲ್ಲಿ ಗೌರವವನ್ನು ಸಲ್ಲಿಸಿದ್ದಾಳೆ.

ಹೀಗೆಂದು ಮೂಲವೇ ಸರ್ವಗುಣಸಂಪನ್ನವೆಂದು ನಾವು ಹೇಳುವುದಿಲ್ಲ. ಬರ್ಥಾಳಿಗೆ ಪುಸ್ತಕದಲ್ಲಿ ಒಂದು ಮಾತಿನ ನ್ಯಾಯವೂ ದೊರೆತಿಲ್ಲ. ಅವಳನ್ನು ಮೃಗದಂತೆ ವರ್ಣಿಸಲಾಗಿದೆ. ಅವಳ ಕಥೆಯನ್ನು ಹೇಳುವವನು ಅವಳಿಗೆ ಬೀಗ ಹಾಕಿದ ಗಂಡನೇ. ಡೊಮಿನಿಕಾ ದ್ವೀಪದಲ್ಲಿ ಹುಟ್ಟಿದ ಜೀನ್ ರೀಸ್ ಎಂಬ ಲೇಖಕಿಯು 1966ರಲ್ಲಿ ಬರ್ಥಾಳ ಕಡೆಯ ಕಥೆಯನ್ನು ‘ವೈಡ್ ಸರ್ಗಾಸೊ ಸೀ’ ಎಂಬ ಕಾದಂಬರಿಯಲ್ಲಿ ಬರೆದು ಈ ಕೊರತೆಯನ್ನು ಎತ್ತಿ ತೋರಿಸಿದಳು. ಹಾಗೆಯೇ ಕೋವನ್ ಬ್ರಿಜ್ ಶಾಲೆಯ ಅಭಿಮಾನಿಗಳೂ ಲೋವುಡ್ಡಿನ ಚಿತ್ರವನ್ನು ಆಕ್ಷೇಪಿಸಿದರು. ಶಾಲೆಯು ಕೂಡಲೇ ಗುರುತು ಹಿಡಿಯಲ್ಪಡುವುದೆಂದು ತಿಳಿದಿದ್ದರೆ ಹಾಗೆ ಬರೆಯುತ್ತಿರಲಿಲ್ಲವೆಂದು ಶಾರ್ಲೆಟ್ ಗ್ಯಾಸ್ಕೆಲಳೊಡನೆ ಹೇಳಿದ್ದುಂಟು. ಆ ಶಾಲೆಯು 1833ರಲ್ಲಿ ಬೇರೆ ಸ್ಥಳಕ್ಕೆ ಹೋಗಿ ಸುಧಾರಿಸಿತೆಂಬುದನ್ನೂ ಹೇಳುವುದು ನ್ಯಾಯ.

ಎಲ್ಲವನ್ನೂ ತೂಗಿ ನೋಡಿದರೆ ಒಂದು ಸಂಗತಿಯು ಸ್ಪಷ್ಟವಾಗುತ್ತದೆ. ಮಹಲು, ನಗೆ, ಬೆಂಕಿ, ಪ್ರೇಮ ಇವು ಎಲ್ಲ ವೇಷಗಳಲ್ಲಿಯೂ ಉಳಿದಿವೆ. ಪ್ರೇಕ್ಷಕರು ಹಣ ಕೊಡುವುದು ಇವುಗಳಿಗೆ. ಮೊದಲು ಕಳೆದುಹೋಗುವುವು ಬೇರೆ: ನಾಯಿಕೆಯ ಸಾಧಾರಣ ಮುಖ, ಹಳ್ಳಿಯ ಶಾಲೆ, ಸಂಬಳದ ಲೆಕ್ಕ, ಆಸ್ತಿಯ ಹಂಚಿಕೆ. ಜೇನ್ ಹಿಂದಿರುಗುವಾಗ ಅವಳ ಕೈಯಲ್ಲಿ ಸ್ವಂತ ಹಣವಿತ್ತು, ಸ್ವಂತ ವಿದ್ಯೆಯಿತ್ತು. ಪ್ರೀತಿಯಿಂದ ಬಂದಳು, ಗತಿಯಿಲ್ಲದೆ ಬರಲಿಲ್ಲ. ಶಾರ್ಲೆಟ್ ತನ್ನ ಜೀವನವೆಲ್ಲ ಹಂಬಲಿಸಿದ್ದು ಇದನ್ನೇ. ಈ ಭಾಗವನ್ನು ಬಿಟ್ಟರೆ ಉಳಿಯುವುದು ಬಡ ಹುಡುಗಿಯು ಸಿರಿವಂತನನ್ನು ಮದುವೆಯಾದ ಕಥೆ. ಅಂಥ ಕಥೆಗಳು ಲೋಕದಲ್ಲಿ ಬೇಕಾದಷ್ಟಿವೆ.

ಹಾವರ್ತಿನ ಆ ಮನೆಯು 1928ರಿಂದ ವಸ್ತುಸಂಗ್ರಹಾಲಯವಾಗಿದೆ. ಅಂಗೈಯಗಲದ ಆ ಪುಟ್ಟ ಪುಸ್ತಕಗಳಲ್ಲಿ ಹಲವನ್ನು ಅಲ್ಲಿ ಜೋಪಾನ ಮಾಡಿಟ್ಟಿದ್ದಾರೆ. ನಮ್ಮ ವಿದ್ಯಾರ್ಥಿನಿಯರು ಚಿತ್ರಗಳನ್ನು ನೋಡಬಾರದೆಂದು ನಾವು ಹೇಳುವುದಿಲ್ಲ. ನೋಡಿರಿ, ಆಮೇಲೆ ಪುಸ್ತಕವನ್ನು ತೆರೆದು ಏನು ಬಿಟ್ಟಿದ್ದಾರೆಂದು ಗುರುತು ಹಾಕಿರಿ. ಇನ್ನು ಶಾಲೆ ನಡೆಸುವವರಾದ ನಮಗೆ ಈ ಚರಿತ್ರೆಯು ಬೇರೊಂದು ಪಾಠವನ್ನು ಹೇಳುತ್ತದೆ. ಕೋವನ್ ಬ್ರಿಜ್ಜಿನ ಬೆಂಚಿನ ಮೇಲೆ ಒದ್ದೆ ಕಾಲುಗಳಲ್ಲಿ ಕುಳಿತಿದ್ದ ಎಂಟು ವರ್ಷದ ಮಗುವು ಎಲ್ಲವನ್ನೂ ನೋಡುತ್ತಿತ್ತು, ಯಾವುದನ್ನೂ ಮರೆಯಲಿಲ್ಲ. ನಮ್ಮ ಬೆಂಚುಗಳ ಮೇಲೆಯೂ ಮಕ್ಕಳು ಕುಳಿತಿದ್ದಾರೆ. ಅವರ ಊಟ ಬಿಸಿಯಾಗಿರಲಿ, ಬಟ್ಟೆ ಒಣಗಿರಲಿ, ಅವರೊಡನೆ ಆಡುವ ಮಾತು ನ್ಯಾಯವಾಗಿರಲಿ. ಅವರಲ್ಲೊಬ್ಬಳು ಮುಂದೆ ಬರೆಯುವವಳಾಗಿದ್ದರೂ ಸರಿ, ಇಲ್ಲದಿದ್ದರೂ ಸರಿ.